ನೀನು ಬರಿಗಾಲಲ್ಲಿ ನಡೆದ ಹುಲ್ಲು

ಪಾಂಡವಪುರ
ಭಾನುವಾರ

ಪ್ರೀತಿಯ ತಂಗಿ ಯಶೋಧ,

ಇದನ್ನು ನಿನಗೆ ಓದಿ ಹೇಳುವವಳು ನಿನ್ನ ಮಗಳು. ತನುಶ್ರೀ, ನಡುವೆ ನಿನ್ನ ಸಮಾಧಾನದ ಮಾತು ಸೇರಿಸಬೇಡ; ನಾನು ಬರೆದಷ್ಟನ್ನೇ ಓದಮ್ಮ.

ಮನೆ ಮುಂದಿನ ಲಾನನ್ನು ಉಳಿಸಲು ನನ್ನಿಂದ ಆಗಲಿಲ್ಲ, ಯಶೋಧ. ಕಣ್ಣು ಮಂಜಾದ ಮೇಲೆ ನೀನು ಯಾರ ಆಸರೆಯೂ ಇಲ್ಲದೆ ಓಡಾಡುತ್ತಿದ್ದ ಜಾಗ ಅದೊಂದೇ. ಪಾದಕ್ಕೆ ಹುಲ್ಲು ಮೆತ್ತಗೆ ತಾಗಿದರೆ ಒಳಗಿದ್ದೀಯ, ಮಣ್ಣು ಒತ್ತಿದರೆ ಅಂಚಿಗೆ ಬಂದಿದ್ದೀಯ. ನಾನು ಹತ್ತಿರ ಬಂದರೆ, "ಬುಡಣ್ಣಯ್ಯ ಕೈಯ, ನಾನೇನು ಕರುವಾ ಇಡ್ಕಂಡು ಓಗಕೆ?" ಎಂದು ಗದರುತ್ತಿದ್ದೆ.

ಆ ಹುಲ್ಲು ಬಣ್ಣಗೆಟ್ಟಾಗ ಅಂಗಡಿ ಗೊಬ್ಬರ ತರುತ್ತೇನೆಂದೆ. ನೀನು ಒಪ್ಪಲಿಲ್ಲ. ಗದ್ದೆಯಾಗಲಿ ಮಲ್ಲಿಗೆ ಬಳ್ಳಿಯಾಗಲಿ, ತಿಪ್ಪೆ ಗೊಬ್ಬರ ಬಿದ್ದರೇನೇ ನಮ್ಮ ಕಡೆಯವರಿಗೆ ನೆಮ್ಮದಿ. ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ಪ್ರೀತಿಯಿಂದಲೇ ಮಕ್ಕರಿಗಟ್ಟಲೆ ಕೊಟ್ಟಳು. ಅವಳ ಹಸುಗಳು ತಿನ್ನುವುದು ನಾಲೆ ಏರಿಯ ಮೇಲೆ ಆಳೆತ್ತರ ಬೆಳೆಯುವ ಗಿನಿ ಹುಲ್ಲು. ಅದರ ಬೀಜ ಹಸುವಿನ ಹೊಟ್ಟೆಯಲ್ಲೂ ಸಾಯದೆ, ಅರೆ ಕೊಳೆತ ತಿಪ್ಪೆಯಲ್ಲೂ ಸಾಯದೆ ನಮ್ಮಲ್ಲಿ ಬಂದು ಮೊಳೆಯಿತು. ನಿನ್ನದೇನೂ ತಪ್ಪಿಲ್ಲ. ಎಲ್ಲರೂ ಬೇಸಾಯ ಬಲ್ಲ ಈ ಊರಿನಲ್ಲಿ ಒಬ್ಬನೂ ಎಚ್ಚರಿಸಲಿಲ್ಲವಲ್ಲ ಎಂಬುದೇ ನನ್ನ ಸಿಟ್ಟು.

ಆ ಗಿನಿ ಹುಲ್ಲಿನ ಬುಡಕ್ಕೆ ಎಡವಿ ಬಿದ್ದು ನೀನು ಮೈಸೂರಿಗೆ ಮಗಳ ಮನೆಗೆ ಹೋದ ಮೇಲೆ ನಾನು ಗುದ್ದಲಿ ಹಿಡಿದೆ. ಅಗೆದಲ್ಲೆಲ್ಲ ಗುಂಡಿ, ಬಿಟ್ಟಲ್ಲೆಲ್ಲ ಬುಡ. ಪುಟ್ಟಲಕ್ಷ್ಮಮ್ಮನಿಗೆ ಸಂಕಟ: "ಬಂಗಾರದಂತ ಮೇವ ಕಿತ್ತಾಕ್ತೀಯಲ್ಲ ರವೀಂದ್ರಣ್ಣ. ನಾನು ಕುಯ್ಕತೀನಿ ಬುಡು." ಕುಯ್ದಷ್ಟೂ ಅದು ಬುಡದಲ್ಲಿ ಇನ್ನಷ್ಟು ತೆಂಡೆ ಒಡೆದು ದಟ್ಟವಾಯಿತು. ಅವಳ ಹಸು ಮಾತ್ರ ಹಾಲು ಹೆಚ್ಚಿಸಿತು.

ಕಳೆ ಔಷಧಿ ಮಾರುವ ಅಂಗಡಿಯ ಕನಕರಾಜುವನ್ನು ಕೇಳಿದೆ. "ಎರಡೂ ಉಲ್ಲೇ ಅಲ್ವಾ ಸಾರ್. ಇದ ಸಾಯ್ಸೋದು ಅದ್ನೂ ಸಾಯ್ಸುತ್ತೆ. ನಿಮ್ ತಂಗಿ ಉಲ್ಲು ಯಾವ್ದು ಅಂತ ಅವುಸ್ದಿಗೆ ಗುರುತಾ?" ಎಂದ. ರೈತರಿಗೆ ಸಲಹೆ ಕೊಡುವ ಕಚೇರಿಯೊಂದಕ್ಕೆ ಹೋದರೆ ಗಿನಿ ಹುಲ್ಲು ಬೆಳೆಸುವ ಕರಪತ್ರ ಕೈಗಿಟ್ಟರು. ಕೀಳುವುದು ಹೇಗೆಂದಾಗ ನಕ್ಕರು. ನಮ್ಮ ಬಡಾವಣೆ ಮೊದಲು ಗೋಮಾಳವಾಗಿತ್ತು. ಅದನ್ನು ನಿವೇಶನ ಮಾಡಿ ಹಂಚಿದಾಗ, ದನ ಇನ್ನೆಲ್ಲಿ ಮೇಯಬೇಕು ಎಂದು ಪತ್ರಿಕೆಗೆ ಬರೆದಿದ್ದೆ. ಯಾರೂ ಉತ್ತರಿಸಲಿಲ್ಲ, ನಾನದನ್ನು ಮರೆತಿಲ್ಲ. ಮೇವು ನಾಲೆ ಏರಿಗೆ ಹತ್ತಿತು, ಅಲ್ಲಿಂದ ನಮ್ಮ ಅಂಗಳಕ್ಕೆ ಇಳಿಯಿತು. ಈಗ ಯಾರ ಮೇಲೆಂದು ಕೂಗಾಡಲಿ? ಪುಟ್ಟಲಕ್ಷ್ಮಮ್ಮನ ಮೇಲೆಯೇ, ಹಸುವಿನ ಮೇಲೆಯೇ?

ನಿನ್ನೆ ಫೋನಿನಲ್ಲಿ ನೀನು, "ಅಬ್ಬ ಕಳುದ್ಮೇಲೆ ಬತ್ತೀನಿ ಕಣಣ್ಣಯ್ಯ. ಉಲ್ಮೇಲೆ ನಡುದು ಎಷ್ಟು ದಿನ ಆಯ್ತು" ಎಂದೆ. ನಾನು ಹೂಂ ಎಂದುಬಿಟ್ಟೆ. ಅದಕ್ಕೇ ಈ ಪತ್ರ.

ಇಂದು ಬೆಳಿಗ್ಗೆ ಗಾರೆ ಕೆಲಸದ ರಂಗಸ್ವಾಮಿ ಬಂದು ಅಳತೆ ತೆಗೆದುಕೊಂಡು ಹೋದ. ಇಡೀ ಅಂಗಳಕ್ಕೆ ಸಿಮೆಂಟ್ ಬಿಲ್ಲೆ ಹಾಸಿ, ಸುತ್ತ ಕಂಬಿ ನಿಲ್ಲಿಸುತ್ತಾನೆ. ಇನ್ನು ನೀನು ಎಡವುವುದಿಲ್ಲ. ಕಂಬಿ ಹಿಡಿದು ಒಬ್ಬಳೇ ಓಡಾಡಬಹುದು. ಬಿಸಿಲೇರಿದ ಮೇಲೆ ಬಿಲ್ಲೆ ಕಾದಿರುತ್ತದೆ. ಬರುವಾಗ ಮರೆಯದೆ ಚಪ್ಪಲಿ ಹಾಕಿಕೊಂಡು ಬಾ, ತಾಯಿ.

ನಿನ್ನ ಹೆಜ್ಜೆಗೆ ಎಲ್ಲೂ ನೋವಾಗದಿರಲಿ.

ನಿನ್ನ ಅಣ್ಣ,
ರವೀಂದ್ರ