ಎರಡನೆಯ ಹಿಡಿ ಅಕ್ಕಿ

ಟೂಂಗಾಬಿ, ಸಿಡ್ನಿ
8 ಮಾರ್ಚ್ 2008

ಮುದ್ದಿನ ಮಗಳು ವಿಜೇತಾಳಿಗೆ,

ಅಮ್ಮನ ಪ್ರೀತಿ, ದೇವರ ಕೃಪೆ ಎರಡೂ ನಿನ್ನ ಮೇಲಿರಲಿ. ಫೋನ್ ಮಾಡಿದರೆ ಮೀಟಿಂಗ್‌ನಲ್ಲಿದ್ದೇನೆ ಎನ್ನುತ್ತೀ, ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಲಾಗುವುದಿಲ್ಲ ನೋಡು.

ಮೆಲ್ಬರ್ನ್‌ನಲ್ಲಿ ಎಂಪಿ ಸಾಹೇಬರ ಆಫೀಸಿನ ಕೆಲಸ ಹಿಡಿಸಿದೆಯೆಂದು ಕೇಳಿ ಸಂತೋಷವಾಯಿತು. ನವೆಂಬರಿನಲ್ಲಿ ನಿಮ್ಮ ಪಕ್ಷ ಗೆದ್ದಾಗ ನಾನೂ ಮೊಣಕಾಲೂರಿ ಸ್ತೋತ್ರ ಹೇಳಿದ್ದೆ.

ಗೆದ್ದ ಮೇಲೆಯೇ ನಾನು ಒಬ್ಬಂಟಿಯಾದದ್ದು. ಆಶ್ರಯ ಕೇಳಿ ಬಂದವರನ್ನು ಕೂಡಿಹಾಕಿರುವ ಡಿಟೆನ್ಷನ್ ಸೆಂಟರಿಗೆ ಶನಿವಾರ ಎರಡು ಕಾರು ತುಂಬ ಜನ ಹೋಗುತ್ತಿದ್ದೆವಲ್ಲ, ಈಗ ಟ್ರೈನಿನಲ್ಲಿ ನಾನು ಮತ್ತು ನನ್ನ ಟಿಫಿನ್ ಕ್ಯಾರಿಯರ್. ಪ್ರಾರ್ಥನಾ ಕೂಟ ನಡೆಸುವ ಪ್ರೇಮನಾಥ ಅಂಕಲ್ ಚುನಾವಣೆಗೆ ಮೊದಲು, ಇಲ್ಲಿ ರಾಜಕೀಯ ಬೇಡ ರಾಜೀವಿ ಎನ್ನುತ್ತಿದ್ದರು. ಈಗ, ನಿಮ್ಮವರೇ ಗೆದ್ದರಲ್ಲ ಮಾರಾಯ್ತಿ, ಇನ್ನೆಂಥ ಪ್ರಾರ್ಥನೆ ಎನ್ನುತ್ತಾರೆ. ನಿನ್ನೆ ಸೆರೆಯಲ್ಲಿರುವವರಿಗಾಗಿ ನಾನು ಜೋರಾಗಿಯೇ ಪ್ರಾರ್ಥಿಸಿದೆ. ಆಮೆನ್ ಹೇಳಿದವಳೂ ನಾನೊಬ್ಬಳೇ. ಮನೆಗೆ ಬಂದು ಅತ್ತುಬಿಟ್ಟೆ.

ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ದೇವರಿಗೆಂದು ತೆಗೆದಿಡುವುದು ನಮ್ಮ ಉಡುಪಿ ಸಭೆಯ ಪದ್ಧತಿ. ಕೂಟದ ಹೆಂಗಸರೆಲ್ಲ ಇಲ್ಲಿಯೂ ಅದನ್ನು ಬಿಡದೆ, ಆ ಅಕ್ಕಿಯಲ್ಲೇ ಒಳಗಿರುವವರಿಗೆ ಅನ್ನ ಮಾಡುತ್ತಿದ್ದೆವು. ಈಗ ಡಬ್ಬಿಗೆ ಬೀಳುವುದು ನಮ್ಮ ಮನೆಯ ಅಕ್ಕಿ ಮಾತ್ರ.

ಕಾಬೂಲಿನ ಮೇಷ್ಟ್ರು ನಾದಿರ್ ಇನ್ನೂ ಒಳಗೇ ಇದ್ದಾರೆ. ನಾವು ಗೆದ್ದರೆ ಕ್ರಿಸ್‌ಮಸ್ ಊಟ ನಮ್ಮ ಮನೆಯಲ್ಲೇ ಎಂದು ಅವರಿಗೆ ಮಾತು ಕೊಟ್ಟವಳು ನೀನು. ಈಗ ಈಸ್ಟರ್ ಬಂತು. ಮುಂದಿನ ತಿಂಗಳು ಅವರ ಅರ್ಜಿ ಮಂತ್ರಿಗಳ ಮುಂದೆ ಹೋಗುತ್ತದಂತೆ. ಇಲ್ಲವೆಂದರೆ ಕಾಬೂಲಿನ ವಿಮಾನ ಹತ್ತಿಸುತ್ತಾರೆ. ನೀನು ಫೋನಿನಲ್ಲಿ, ಸರ್ಕಾರ ಹೊಸದು ಅಮ್ಮಾ, ಸ್ವಲ್ಪ ಟೈಮ್ ಕೊಡಿ, ಅಲ್ಲಿ ನನ್ನ ಹೆಸರು ಮಾತ್ರ ಎತ್ತಬೇಡಿ, ಜಾಬ್‌ಗೆ ಪ್ರಾಬ್ಲಮ್ ಆಗುತ್ತೆ ಎಂದೆ. ಸರಿ ಎಂದೆ ನಾನು. ನಿನ್ನ ಕಷ್ಟ ಅರ್ಥವಾಗುತ್ತದೆ, ಸಿಟ್ಟೂ ಬರುತ್ತದೆ. ಸೋತಾಗ ಬಾಯಿ ತುಂಬ ಇದ್ದ ನ್ಯಾಯ ಗೆದ್ದ ಮೇಲೆ ಎಲ್ಲಿ ಹೋಯಿತು ಮಗಾ?

ನಿನ್ನ ಸಾಹೇಬರು ಒಂದು ಮಾತು ಹೇಳಿದರೆ... ಇಲ್ಲ, ನಾನು ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನ ದಾರಿ ನೋಡುವ ಅಮ್ಮ,
ರಾಜೀವಿ

ಕಾಗದ ಮಡಿಸುವ ಮೊದಲು: ನಿನ್ನ ಹೆಸರು ಎತ್ತುವುದಿಲ್ಲ ಎಂದದ್ದು ಸುಳ್ಳು. ದಿನವೂ ಡಬ್ಬಿಗೆ ಎರಡು ಹಿಡಿ ಹಾಕುತ್ತೇನೆ, ಎರಡನೆಯದು ನಿನ್ನದು. ಇದು ವಿಜೇತಾ ಕಳಿಸಿದ ಅಕ್ಕಿ ಎಂದು ಹೇಳಿಯೇ ನಾದಿರ್ ಮೇಷ್ಟ್ರಿಗೆ ಬಡಿಸುವುದು. ಉಣ್ಣುವ ಮೊದಲು ಅವರು ಎರಡೂ ಕೈಯೆತ್ತಿ ನಿನ್ನ ಹೆಸರು ಹಿಡಿದು ದುವಾ ಮಾಡುತ್ತಾರೆ, ನಾನು ಆಮೆನ್ ಎನ್ನುತ್ತೇನೆ. ಇವತ್ತು ಆ ಸುಳ್ಳಿಗೆ ಆಮೆನ್ ಎನ್ನಲು ನನಗೆ ಬಾಯಿ ಬರಲಿಲ್ಲ. ಈಸ್ಟರಿನ ಶನಿವಾರ ಬಾ, ನಿನ್ನ ಹಿಡಿ ನೀನೇ ಹಾಕು.