ವಾಲ್‌ನಿಬಿ ಎಂಬ ಮನೆ

ಜುಲೈ 9, ಬುಧವಾರ. ಪಿರಿಯಾಪೊಲಿಸ್

ಮತ್ತೆ ಕಾರು ನಿಲ್ಲಿಸಿದ. ನಮ್ಮೂರು ಮೊಂತೆವಿದೆಯೋ ಬಿಟ್ಟ ಮೇಲೆ ಎಷ್ಟನೇ ಸಲವೋ. ಕಂಡ ಕಂಡ ಕಡಲತೀರಕ್ಕೆಲ್ಲ ಇಳಿದು, ಸೊಂಟಕ್ಕೆ ಕೈ ಕೊಟ್ಟು, ಉಸಿರು ಎಳೆದುಕೊಳ್ಳಬೇಕು ನನ್ನ ಗಂಡ ವಾಲ್ದೆಮಾರ್‌ಗೆ. ನಾನು ಕಾರಿನೊಳಗೇ, ತೊಡೆಯ ಮೇಲೆ ಬಿಸಿನೀರಿನ ಫ್ಲಾಸ್ಕ್. ಈ ಚಳಿಗಾಳಿಗೆ ಬಾಗಿಲು ತೆಗೆಯುವ ಹಾಗೂ ಇಲ್ಲ.

"ಅವಸರ ಏನೇ ಮುದುಕಿ? ಬಂದರಿನ ಕೆಲಸ ಮುಗೀತು, ಪೆನ್ಷನ್ ಬಂತು. ಇನ್ನೇನು ಬೆನ್ನಟ್ಕೊಂಡು ಬರ್ತಿದೆ?"

ನಿನಗೆ ಮುಗಿಯಿತಪ್ಪ. ನನ್ನದು ಸೋಮವಾರ ಶುರು. ಇಷ್ಟು ವರ್ಷ ಕಾರ್ನಿವಲ್ ಹಬ್ಬದ ಹಾಡು-ಕುಣಿತದ ತಂಡಕ್ಕೆ ಬರೀ ಗುಂಡಿ ಹೊಲಿದೆ. ಈ ಸಲ ಕತ್ತರಿ ನನ್ನ ಕೈಗೆ — ಅಷ್ಟೂ ವೇಷದ ಬಟ್ಟೆ ನಾನೇ ಕತ್ತರಿಸಬೇಕು. ಭಾನುವಾರ ಊರು ಸೇರಿಸುತ್ತೇನೆ ಅಂದಿದ್ದಾನೆ. ನೋಡೋಣ.

ಜುಲೈ 11, ಶುಕ್ರವಾರ. ಲಾ ಪಲೋಮಾ

ತಿಮಿಂಗಿಲ ಕಂಡಿತು, ಜೊತೆಗೆ ಮರಿ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಊರು? ಅಂಗಡಿ ಮುಚ್ಚಿದೆ, ಹೋಟೆಲ್ ಮುಚ್ಚಿದೆ. ಜನ ಬರುವುದು ಡಿಸೆಂಬರ್‌ನ ಬೇಸಿಗೆಗೆ.

ಕಂಬಳಿ ತೆಗೆಯಲು ಡಿಕ್ಕಿ ತೆರೆದೆ. ಅಡಿಯಲ್ಲಿ ಮರದ ಹಲಗೆ. ನೀಲಿ ಬಣ್ಣದಲ್ಲಿ ಬರೆದಿದೆ: ವಾಲ್‌ನಿಬಿ.

ಈ ತೀರದಲ್ಲಿ ಮನೆಗಳಿಗೆ ನಂಬರ್ ಇಲ್ಲ, ಹೆಸರು. ಗಂಡ ಹೆಂಡಿರ ಹೆಸರು ಕಲಸಿ ಬಾಗಿಲಿಗೆ ಬಡಿಯುತ್ತಾರೆ. ವಾಲ್ದೆಮಾರ್‌ನ ವಾಲ್, ನಿಬಿಯಾ ಅನ್ನುವ ನನ್ನ ನಿಬಿ. ನಮಗೆ ಇಲ್ಲೆಲ್ಲಿದೆ ಮನೆ? ಹಲಗೆ ಇದ್ದಲ್ಲೇ ಇಟ್ಟು ಕಂಬಳಿ ಹೊದ್ದುಕೊಂಡೆ...

ಜುಲೈ 12, ಶನಿವಾರ

ಇದೆ ಮನೆ. ಬ್ರೆಜಿಲ್ ಗಡಿಯ ಹತ್ತಿರ, ಮರಳುದಿಬ್ಬದ ಹಿಂದೆ.

"ಚಳಿಗಾಲದಲ್ಲಿ ಇಲ್ಲಿ ಯಾರಿರ್ತಾರೆ?" ಅಂದೆ.

ಮನೆ ಮಾರುತ್ತಿರುವ ಸುಲ್ಮಾ ನಕ್ಕಳು. "ನಾನು, ನನ್ನ ನಾಯಿ. ಇನ್ಮೇಲೆ ನೀವಿಬ್ರು. ನಾಲ್ಕು ಕೈ ಆಯ್ತಲ್ಲ, ಇಸ್ಪೀಟಿಗೆ ಸಾಕು ಬಿಡಮ್ಮ!"

ವಾಲ್ದೆಮಾರ್ ಹಲಗೆ ಎತ್ತಿ ಹಿಡಿದ. ಕಣ್ಣು ಒದ್ದೆ. "ಸರ್‌ಪ್ರೈಸ್! ಮಾತು ಮುಗ್ಸಿದ್ದೀನಿ. ಸಾಯೋತನಕ ಇಲ್ಲೇ, ನಾವಿಬ್ರೇ."

ಆ ಮುಖ ನೋಡಿ ಹೇಗೆ ಬೇಡ ಅನ್ನಲಿ? "ಚೆನ್ನಾಗಿದೆ" ಅಂದುಬಿಟ್ಟೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಜುಲೈ 16, ಬುಧವಾರ. ಬಸ್ಸಿನಲ್ಲಿ

ಸೋಮವಾರ ಬಂತು, ಹೋಯಿತು. ನಾಳೆ ಹೊರಡೋಣ ಅನ್ನುತ್ತಾನೆ, ಮನೆ ರಿಪೇರಿ ಅಂತ ಛಾವಣಿ ಹತ್ತುತ್ತಾನೆ. ಇವತ್ತು ತಂಡದ ರೊಸಾನಾ ಫೋನ್ ಮಾಡಿದಳು. "ಶುಕ್ರವಾರದ ತನಕ ಕಾಯ್ತೀನಿ ನಿಬಿಯಾ. ಆಮೇಲೆ ಬೇರೆಯವರ ಕೈಗೆ ಕೊಡ್ಬೇಕಾಗುತ್ತೆ."

ಚೀಲ ತೆಗೆದುಕೊಂಡು ರಸ್ತೆಗೆ ಬಂದೆ. ಊರಿನ ಬಸ್ಸು ಹತ್ತಿದೆ. ಕಾರು ಅಲ್ಲೇ ಬಿಟ್ಟು ಹಿಂದೆಯೇ ಇವನೂ ಓಡಿ ಬಂದು ಹತ್ತಿದ! ಪಕ್ಕದಲ್ಲೇ ಕೂತ.

"ಒಬ್ಳನ್ನೇ ಹೇಗೆ ಕಳಿಸ್ಲಿ? ಹೇಗೂ ಹೋಗ್ತಿದ್ದೀವಲ್ಲ, ನಿನ್ನ ಹೊಲಿಗೆ ಮಷೀನೂ ಹೊತ್ಕೊಂಡು ಬಂದ್ಬಿಡೋಣ."

ಕಂಡಕ್ಟರ್ ಬಂದ. "ಎರಡು ಟಿಕೆಟ್ಟಾ ಅಮ್ಮ?"

"ಒಂದೇ."

ವಾಲ್ದೆಮಾರ್ ನಕ್ಕ. ತಮಾಷೆ ಅಂದುಕೊಂಡ. ನಾನು ನಗಲಿಲ್ಲ.

"ಒಂದೇ ಕೊಡಿ. ಇವ್ರು ಇಳೀತಾರೆ."

ನನ್ನನ್ನೇ ನೋಡುತ್ತಿದ್ದಾನೆ. ತಲೆ ಎತ್ತಿದರೆ ಸೋತೆ, ಅದಕ್ಕೇ ಬರೆಯುತ್ತಿದ್ದೇನೆ. ಬಸ್ಸು ಇನ್ನೂ ನಿಂತಿದೆ. ಹಿಂದಿನಿಂದ ಯಾರೋ "ಹೊರಡ್ರೀ ಸ್ವಾಮಿ!" ಅನ್ನುತ್ತಿದ್ದಾರೆ. ಪಕ್ಕದ ಸೀಟು ಕಿರ್ ಅಂದಿತು. ಇವನು ಎದ್ದು ಇಳಿದ. ಬಸ್ಸು ಹೊರಟಿತು.