ತೋಳಕ್ಕೆ ಹೊದಿಸಿದ ಉಣ್ಣೆ

ಮಧುಗಿರಿ
27-11-1983, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮಗ ಕ್ಯಾತಣ್ಣ ಮಾಡುವ ನಮಸ್ಕಾರ. ಮಂಡಿ ನೋವು ಹೇಗಿದೆ? ಪಾವಗಡದ ಆಚೆ ಹೊಸಕೋಟೆ ಕಡೆ ಈಗ ಬೆಳಗಿನ ಗಾಳಿ ಕೊರೆಯುತ್ತದೆ, ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ. ಅಕ್ಕನ ಮನೆಯಲ್ಲಿ ಕಡಲೆಕಾಯಿ ಬಿಡಿಸುವ ಕಾಲ. ನೀನು ಸುಮ್ಮನೆ ಕೂರುವವಳಲ್ಲ, ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೂಲಿಯವರಿಗಿಂತ ಮುಂದೆ ಬಿಡಿಸುತ್ತಿರುತ್ತೀಯ. ಕರಿಯಕ್ಕನಿಗೆ ಹೇಳಿ ಒಂದು ಮಣೆಯನ್ನಾದರೂ ಹಾಕಿಸಿಕೋ. ಹಸಿ ಕಾಯಿ ಜಾಸ್ತಿ ತಿನ್ನಬೇಡ, ಆಮೇಲೆ ತಲೆ ಸುತ್ತು ಅನ್ನುತ್ತೀಯ. ಅಕ್ಕನ ಅತ್ತೆ ತೆಲುಗಿನಲ್ಲಿ ಏನು ಹೇಳಿದರೂ ನೀನು 'ಅವುನು, ಅವುನು' ಅಂತ ತಲೆಯಾಡಿಸುತ್ತೀಯಂತೆ. ಯಾವುದಕ್ಕೆ ಒಪ್ಪಿಕೊಂಡೆ ಅಂತ ಅಕ್ಕನನ್ನು ಕೇಳಿ ತಿಳಿದುಕೊಂಡಿರು. ಈ ಕಾಗದ ಓದಿ ಹೇಳುವವರು ಭಾವನೇ ತಾನೆ? ಬೋರಪ್ಪ ಭಾವ, ನಿಮಗೂ ನಮಸ್ಕಾರ. ನಡುವೆ ನಿಮ್ಮ ಮಾತು ಸೇರಿಸದೆ, ಇದ್ದದ್ದನ್ನು ಇದ್ದ ಹಾಗೆ ಓದಿ.

ಇಲ್ಲಿ ನಾವಿಬ್ಬರೂ ಇದ್ದೇವೆ. ಊರೂರು ತಿರುಗಿ ಕರೆಂಟ್ ಮೀಟರು ಓದುವ ನನ್ನ ಕೆಲಸ ಹಾಗೇ ನಡೆದಿದೆ. ನಿನ್ನ ಸೊಸೆ ಜುಂಜಮ್ಮ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ, ಮುದ್ದೆ ಇಡುವಾಗ 'ಇನ್ನೊಂದು?' ಅನ್ನುತ್ತಾಳೆ, ಅಷ್ಟೇ. ನಿನ್ನ ಚಾಪೆ ನೀನು ಗೋಡೆಗೆ ಒರಗಿಸಿದ ಹಾಗೇ ಇದೆ, ಯಾರೂ ಮುಟ್ಟಿಲ್ಲ. ನೀನು ಈ ಮನೆಗೆ ವಾಪಸ್ಸು ಬರುತ್ತೀಯೋ ಇಲ್ಲವೋ, ನನಗೆ ಬೇಕಾದ ಸುದ್ದಿ ಅದೊಂದೇ ಅಮ್ಮಾ. ಅಕ್ಕನ ಕಾಗದದಲ್ಲಿ ಮಳೆ, ಬೆಳೆ, ಎಮ್ಮೆ ಕರು ಹಾಕಿದ್ದು ಎಲ್ಲಾ ಇತ್ತು, ಅದೊಂದು ಮಾತ್ರ ಇರಲಿಲ್ಲ.

ನೀನು ಹೊರಟ ದಿನ ಹೇಳಬೇಕಾಗಿದ್ದದ್ದು ಇದು. ಈಗ ಮೊದಲಿಂದ ಹೇಳುತ್ತೇನೆ, ಕೇಳು. ಮೀಟರು ಓದಲು ಹೋದ ಒಂದು ದೊಡ್ಡ ಮನೆಯಲ್ಲಿ ಗಾಜಿನ ಷೋಕೇಸು ಇತ್ತು. ಅದರೊಳಗೆ ಅಂಗೈಯಗಲದ ಹುಲಿ, ಆನೆ, ಜಿಂಕೆ, ಒಂದು ಒಂಟೆ ಕೂಡ. ನಮ್ಮ ಸೀಮೆಯಲ್ಲಿ ಒಂಟೆ ಕಂಡವರು ಯಾರು? ತೋಳ ಮಾತ್ರ ಇರಲಿಲ್ಲ. ನನಗೆ ಅದು ಯಾಕೋ ತಲೆಗೆ ಹತ್ತಿಬಿಟ್ಟಿತು. ಸಿರಾ ಬಸ್ ಸ್ಟ್ಯಾಂಡಿನ ಪಕ್ಕದ ಬಳೆ ಅಂಗಡಿಯಲ್ಲಿ ಪ್ಲಾಸ್ಟಿಕ್ ನಾಯಿಗಳು ಸಿಗುತ್ತವಲ್ಲ, ಅವನ್ನು ತಂದು ತೋಳ ಮಾಡಲು ಕೂತೆ. ಬ್ಲೇಡು ಕಾಯಿಸಿ ಸುರುಳಿ ಬಾಲ ಕೊಯ್ದೆ, ಜೋತುಬಿದ್ದ ಕಿವಿ ಕೊಯ್ದೆ. ಮೂತಿ ಉದ್ದ ಮಾಡಲು ಮೇಣ ಮೆತ್ತಿದೆ. ಬೆಟ್ಟದ ಬಂಡೆ ಕಾದು ಮನೆಯೆಲ್ಲ ಒಲೆಯಾದಾಗ ಮೂತಿ ಕರಗಿ ಎದೆಗೆ ಇಳಿಯಿತು. ಆಮೇಲೆ ಪೈಪಿನ ತೂತು ಮುಚ್ಚುವ ಎಂ-ಸೀಲು ತಂದು ನಾದಿ ಮೆತ್ತಿದೆ, ಬೆರಳಿಗೆ ಅಂಟಿದ್ದು ವಾರವಾದರೂ ಬಿಡಲಿಲ್ಲ. ಮೊದಲನೆಯದು ಹಂದಿಯಾಯಿತು. ಎರಡನೆಯದನ್ನು ನೋಡಿ ನೀನೇ 'ಇದೇನ್ಲಾ, ಮುಂಗ್ಸೀನಾ?' ಅಂದೆ. ಮೂರನೆಯದು ನಮ್ಮ ಆಫೀಸಿನ ನಂದೀಶ್ವರಯ್ಯನವರ ಮುಖವನ್ನೇ ಹೊತ್ತುಕೊಂಡು ಬಂತು, ಅವರೆದುರು ನಿಂತಾಗಲೆಲ್ಲ ನಗು ತಡೆಯುವುದೇ ಕಷ್ಟವಾಯಿತು.

ನೀನು ಅವೆಲ್ಲ ನಾಯಿ ಅಂದುಕೊಂಡಿದ್ದೆ. ಮಗ ಕೆಲಸ ಮುಗಿಸಿ ಬಂದು ನಾಯಿ ಗೊಂಬೆ ಮಾಡುತ್ತಾನೆ, ಬೀಡಿ ಇಸ್ಪೀಟಿಗಿಂತ ವಾಸಿ ಅಂತ ವಠಾರದಲ್ಲೆಲ್ಲ ಹೇಳಿಕೊಂಡು ಬಂದೆ. ಅಂಟು ಸಾಲದು ಅಂದಾಗ ಹುಣಸೆ ಬೀಜ ಹುರಿದು, ಬೀಸಿ, ಕಂಬಳಿಗೆ ಹಾಕುವ ಗಂಜಿಯ ಹಾಗೆಯೇ ಕಾಯಿಸಿಕೊಟ್ಟವಳೂ ನೀನೇ. ಅದು ತೋಳ ಅಂತ ನಾನು ಬಾಯಿ ಬಿಡಲಿಲ್ಲ. ನಮ್ಮ ಹಟ್ಟಿಯಲ್ಲಿ ಅದರ ಹೆಸರನ್ನೂ ಮನೆಯೊಳಗೆ ಎತ್ತುವುದಿಲ್ಲ, 'ಅದು ಬಂದಿತ್ತು' ಅಂತಲೇ ಹೇಳುವುದು. ನನಗೆ ಗೊತ್ತಿರಲಿಲ್ಲ ಅಂತಲ್ಲ. ಪೇಟೆಯಲ್ಲಿ ಬಾಡಿಗೆ ಮನೆ, ಕುರಿಯೂ ಇಲ್ಲ, ಕುರಿ ಕೂಡುವ ರೊಪ್ಪವೂ ಇಲ್ಲ, ಇಲ್ಲಿ ಏನಾಗುತ್ತದೆ ಅಂದುಕೊಂಡೆ.

ಬಣ್ಣ ಒಂದು ಕೈಗೆ ಬರಲೇ ಇಲ್ಲ. ಕಂಬಕ್ಕೆ ನಂಬರು ಬರೆಯುವ ಕಪ್ಪಿಗೆ ಬೆಳ್ಳಿ ಬಣ್ಣ ಬೆರೆಸಿ ಹಚ್ಚಿದರೆ ತೋಳ ತಗಡಿನ ಡಬ್ಬಿಯಾಯಿತು. ಅದರ ಮೈಯ ಬಣ್ಣ ಅಪ್ಪ ಹೇಳುತ್ತಿದ್ದದ್ದು ನೆನಪಿತ್ತು: ಕರಿ ಅಲ್ಲ, ಬೂದಿ ಅಲ್ಲ, ಕಂದು ಅಲ್ಲ, ಮೂರೂ. ಹಾಗೆ ಯೋಚಿಸುತ್ತಾ ಕೂತಿದ್ದಾಗ ಟ್ರಂಕಿನೊಳಗಿನ ಅಪ್ಪನ ಕಂಬಳಿ ನೆನಪಾಯಿತು. ನೀನು ಆ ಮಂಗಳವಾರ ದಂಡಿನ ಮಾರಮ್ಮನ ಗುಡಿಗೆ ಹೋಗಿದ್ದೆ. ಹಬ್ಬದ ದಿನ ಅಪ್ಪ ಅದೇ ಕಂಬಳಿ ಮಡಿಸಿ ಗದ್ದುಗೆ ಹಾಕಿ, ಮೇಲೆ ವೀಳ್ಯದೆಲೆ ಇಟ್ಟು ದೇವರನ್ನು ಕೂರಿಸುತ್ತಿದ್ದ. ಅಪ್ಪ ಹೋದ ಮೇಲೂ ನೀನು ಅದನ್ನು ನಿಲ್ಲಿಸಲಿಲ್ಲ. ಎಲ್ಲಾ ಗೊತ್ತಿದ್ದೂ ನಾನು ಅಂಚಿನಿಂದ ಉಣ್ಣೆ ಕಿತ್ತೆ. ಹಿಡಿ ತುಂಬ ಅಲ್ಲ, ಚಿಟಿಕೆ ಚಿಟಿಕೆಯಾಗಿ. ಬಾಚಣಿಗೆಯಲ್ಲಿ ಬಿಡಿಸಿ, ನೀನು ಕಾಯಿಸಿದ ಅಂಟಿನಲ್ಲೇ ಕುತ್ತಿಗೆಗೆ, ಬೆನ್ನಿಗೆ, ಇಳಿಬಿದ್ದ ಬಾಲಕ್ಕೆ ಹಚ್ಚಿದೆ. ಅಮ್ಮಾ, ಅದು ನನ್ನ ಕಣ್ಣೆದುರೇ ತೋಳವಾಗಿಬಿಟ್ಟಿತು.

ನೀನು ಬಾಗಿಲಿಗೆ ಬಂದವಳು ಕಿಟಕಿಯಲ್ಲಿ ಒಣಗಲು ಇಟ್ಟಿದ್ದನ್ನು ನೋಡಿ, ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು, 'ಅಯ್ಯೋ, ಅದು!' ಅಂದೆ. ನನಗೆ ಆಗ ಏನಾಯಿತು ಗೊತ್ತೆ? ಸಂತೋಷವಾಯಿತು. ಕೊನೆಗೂ ಒಬ್ಬರು ಗುರುತು ಹಿಡಿದರಲ್ಲ ಅಂತ ಹಲ್ಲು ಬಿಟ್ಟುಕೊಂಡು ನಿಂತೆ. ಆ ನಗು ನೆನೆಸಿಕೊಂಡರೆ ಈಗಲೂ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ನೀನು ಹತ್ತಿರ ಬಂದು ಬೆನ್ನಿನ ಮೇಲೆ ಬೆರಳಾಡಿಸಿದೆ. ಕದಿರು ಹಿಡಿದು ನೂತ ಬೆರಳಿಗೆ ತನ್ನ ಉಣ್ಣೆ ಯಾವುದು ಅಂತ ಯಾರಾದರೂ ಹೇಳಬೇಕೆ? ಟ್ರಂಕಿನ ಮುಚ್ಚಳ ತೆಗೆದು ಅಂಚು ನೋಡಿದೆ. ಆಮೇಲೆ ನೀನು ಅಂದದ್ದು ಒಂದೇ ಮಾತು: 'ನಿಮ್ಮಪ್ಪ ಅದ್ರ ಬಾಯಿಂದ ಕುರಿ ಕಿತ್ಕೊಂಡ. ನೀನು ಅದ್ಕೇ ಹೊದಿಸ್ಬುಟ್ಟೆ ಕಣ್ಲಾ.' ಬೈದಿದ್ದರೆ, ಪೊರಕೆ ತಗೊಂಡಿದ್ದರೆ ಚೆನ್ನಾಗಿತ್ತು. ಮಾರನೆಯ ಬೆಳಿಗ್ಗೆ ನೀನು ಕಂಬಳಿ ಹೆಗಲಿಗೆ ಹಾಕಿಕೊಂಡು ಪಾವಗಡದ ಬಸ್ಸು ಹತ್ತಿದೆ, ಕಿಟಕಿಯಿಂದ ಜುಂಜಮ್ಮನನ್ನು ನೋಡಿದೆ, ನನ್ನನ್ನು ನೋಡಲಿಲ್ಲ.

ಆಮೇಲೆ ನಾನು ಉಣ್ಣೆಯನ್ನು ಬಿಸಿನೀರಲ್ಲಿ ನೆನೆಸಿ ಬಿಡಿಸಿದೆ. ಗಂಟು ಗಂಟಾಗಿ ಬಂತು. ಹುಲಿಕುಂಟೆಗೆ ತಗೊಂಡು ಹೋಗಿ ಕಂಬಳಿ ನೇಯುವ ಕೆಂಪಯ್ಯನಿಗೆ ತೋರಿಸಿದರೆ, 'ಇದು ಇನ್ನು ನೂಲಾಗಾಕಿಲ್ಲ ಬುಡಪ್ಪ' ಅಂದ. ಮನೆಗೆ ಬಂದು ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಅಲ್ಲಿ ಇಡಬಹುದೋ ಇಲ್ಲವೋ ಅದೂ ತಿಳಿಯದು.

ಯಾಕೆ ಮಾಡಿದೆ ಅಂತ ಅಕ್ಕ ಕೇಳಿದ್ದಾಳೆ. ಓದು ಓದು ಅಂತ ನನ್ನನ್ನು ಹಾಸ್ಟೆಲಿಗೆ ಹಾಕಿದಿರಿ. ಅಪ್ಪ ಮಂದೆಯ ಹಿಂದೆಯೇ ಇದ್ದ. ನಮ್ಮ ಜೊತೆ ಇದ್ದದ್ದಕ್ಕಿಂತ ಹೆಚ್ಚು ಹೊತ್ತು ತೋಳದ ದಾರಿ ಕಾಯುತ್ತಾ ಕಳೆದ. ಅಪ್ಪನ ಮುಖ ಮಾಡುವಷ್ಟು ಕೈ ನನಗಿಲ್ಲ, ಅಪ್ಪ ನೋಡುತ್ತಿದ್ದದ್ದನ್ನಾದರೂ ಮಾಡೋಣ ಅನ್ನಿಸಿತು. ಅಷ್ಟೇ. ನಿನ್ನನ್ನು ಒಂದು ಮಾತು ಕೇಳಿದ್ದರೆ ನೀನು ಒಂದು ದಿನ ಬೈದು, ಮಾರನೆಯ ದಿನ ಬೇರೆ ಯಾರ ಮನೆಯಿಂದಲೋ ಉಣ್ಣೆ ತಂದುಕೊಡುತ್ತಿದ್ದೆ. ನಿನ್ನನ್ನು ನಾನು ಅಷ್ಟೂ ಅರಿಯದೆ ಹೋದೆ. ತೋಳ ಮಾಡುವುದನ್ನು ಬಿಟ್ಟುಬಿಟ್ಟೆ ಅಂತ ಬರೆದರೆ ನೀನು ಬಂದೀಯೇನೋ. ಬ್ಲೇಡು ಮುಟ್ಟಿಲ್ಲ, ನಿಜ. ಆದರೆ ದಾರಿಯಲ್ಲಿ ನಾಯಿ ಕಂಡರೆ ಈಗಲೂ ನಿಂತು ಅದರ ಮೂತಿ ಅಳೆಯುತ್ತೇನೆ. ನಿನಗೆ ಇನ್ನು ಮುಚ್ಚಿಡಲಾರೆ.

ಕರಿಯಕ್ಕನಿಗೆ, ಅವಳ ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಜುಂಜಮ್ಮ ನಿನ್ನ ಕಾಲಿಗೆ ಬಿದ್ದಿದ್ದಾಳೆ ಅಂತ ತಿಳಿ. ಬೈಯುವುದಕ್ಕಾದರೂ ಒಂದು ಕಾಗದ ಹಾಕಿಸು.

ನಿನ್ನ ಮಗ,
ಕ್ಯಾತಣ್ಣ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಜುಂಜಮ್ಮನಿಗೆ ಮೂರು ತಿಂಗಳು. ನೀನು ಹೊರಟ ದಿನವೇ ಹೇಳಬೇಕು ಅಂತಿದ್ದಳಂತೆ, ನಿನ್ನ ಮುಖ ನೋಡಿ ಸುಮ್ಮನಾದಳು. ತವರಿನಲ್ಲಿ ಅವಳಿಗೆ ತಾಯಿ ಇಲ್ಲ, ನಿನಗೆ ಗೊತ್ತು. ಆದರೂ 'ಅತ್ತೇಗೆ ಬರೀಬ್ಯಾಡಿ. ನಿಮ್ ಮ್ಯಾಲಿನ ಸಿಟ್ಟು ಇಳ್ದು ಬರ್ಲಿ, ಕೂಸಿಗೋಸ್ಕರ ಬರೋದು ಬ್ಯಾಡ' ಅಂತ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಾಳೆ. ಈಗ ನೀರಿಗೆ ಹೋಗಿದ್ದಾಳೆ. ಅವಳನ್ನು ಕೇಳದೆ ಬರೆದುಬಿಟ್ಟೆ.